ಬಿಜಲಿಯ ಗುಳಿಗೆ

ಮುನವಳ್ಳಿ
೧೯ ನವೆಂಬರ್ ೧೯೯೯

ಪ್ರೀತಿಯ ರೇಣು,

ನಿನ್ನ ಪತ್ರ ಬಂದಾಗ ಹೊಲದಲ್ಲಿ ಜೋಳ ಬಿತ್ತುತ್ತಿದ್ದರು. ಈಗ ಅದು ಮೊಣಕಾಲೆತ್ತರ ಬೆಳೆದಿದೆ. ಇಷ್ಟು ತಡ ಮಾಡಿದ್ದಕ್ಕೆ ಬೈದುಕೋ, ಆದರೆ ಬೈದು ಮುಗಿಸಿ ಓದು. ಒಮ್ಮೆ ಇಂಗ್ಲಿಷಿನಲ್ಲಿ ಶುರು ಮಾಡಿದ್ದೆ. ಎಲ್ಲವೂ ಚೆನ್ನಾಗಿದೆ ಎಂಬ ಮಾತು ತೀರಾ ಸಲೀಸಾಗಿ ಬಂತು, ಹರಿದು ಹಾಕಿದೆ. ಬೆಳಗಾವಿಯ ಹಾಸ್ಟೆಲಿನಲ್ಲಿ ಕನ್ನಡ ಆಡಿದರೆ ಗದರುತ್ತಿದ್ದರಲ್ಲ, ಅದಕ್ಕೇ ನಾವಿಬ್ಬರೂ ಗುಟ್ಟಿನ ಮಾತನ್ನೆಲ್ಲ ಕನ್ನಡದಲ್ಲೇ ಆಡಲು ಕಲಿತೆವು. ಆ ರೂಢಿ ಇನ್ನೂ ಹೋಗಿಲ್ಲ.

ನೀನು ಬಿಜಲಿ ಹೇಗಿದ್ದಾಳೆ ಎಂದು ಕೇಳಿದ್ದೆ. ಬದುಕಿದ್ದಾಳೆ. ಮೊದಲೇ ಹೇಳಿಬಿಟ್ಟಿದ್ದೇನೆ, ಮುಂದಿನದನ್ನು ನೀನು ಹೆದರದೆ ಓದಬಹುದು.

ಮುಂಗಾಲನ್ನು ನೆಕ್ಕುವುದು ಈ ಬೇಸಿಗೆಯಲ್ಲೇ ಶುರುವಾಗಿತ್ತು. ಮೊದಲು ಕೂದಲು ಹೋಯಿತು, ಆಮೇಲೆ ಚರ್ಮ, ಆಮೇಲೆ ಕೆಂಪು ಹುಣ್ಣು. ಮುಧೋಳ ತಳಿಯ ನಾಯಿ, ಮೈಯೆಲ್ಲ ಕಾಲೇ. ಆ ಕಾಲಿಗೇ ಹೀಗಾದರೆ ಉಳಿಯುವುದೇನು? ದನದ ಡಾಕ್ಟರು ಪಾಪ, ಮುಲಾಮು ಕೊಟ್ಟರು, ಸೂಜಿ ಚುಚ್ಚಿದರು. ಬಾಯಿ ಕಾಲಿಗೆ ಮುಟ್ಟದಂತೆ ಒಂದು ಹಳೆಯ ಬಕೆಟ್ಟಿನ ತಳ ಕತ್ತರಿಸಿ ಕುತ್ತಿಗೆಗೆ ಹಾಕಿಸಿದರು. ಅದನ್ನು ಹೊತ್ತುಕೊಂಡು ಬಾಗಿಲಿಗೆ, ಕಂಬಕ್ಕೆ ಡಿಕ್ಕಿ ಹೊಡೆಯುತ್ತ ತಿರುಗಾಡಿದಳು. ಬಕೆಟ್ ತೆಗೆದ ಮರುಗಳಿಗೆ ಮತ್ತೆ ನೆಕ್ಕತೊಡಗಿದಳು. "ಹುಣ್ಣು ಎಲುಬಿಗೆ ಇಳೀತಂದ್ರ ಕಾಲು ಉಳಿಯೂದಿಲ್ಲರಿ. ಕಾಲು ಹ್ವಾದ ಮ್ಯಾಲ ಇಂಥಾ ನಾಯಿ ಉಳಿಯೂದಿಲ್ಲ," ಎಂದರು ಡಾಕ್ಟರು.

ನಮ್ಮ ಅಡುಗೆಯ ಚನ್ನವ್ವ ಬೇವಿನ ಎಣ್ಣೆಯಲ್ಲಿ ಅರಿಷಿಣ ಕಲಸಿ ಹಚ್ಚಿದಳು. ಕಹಿಗೆ ಬಾಯಿ ಹಾಕುವುದಿಲ್ಲ ಎಂದು ಅವಳ ಲೆಕ್ಕ. ಬಿಜಲಿ ಅದನ್ನೂ ನೆಕ್ಕಿ, ಬಾಯಿ ಚಪ್ಪರಿಸಿ ಅವಳನ್ನೇ ನೋಡಿದಳು. "ಇನ್ನೊಂದೀಟು ಉಪ್ಪು ಖಾರ ಬೇಕಾಗಿತ್ತೇನೋ ಅಕ್ಕಾರ ಈ ಸಾವಕಾರ್ತಿಗೆ," ಎಂದಳು ಚನ್ನವ್ವ.

ಆಗಲೇ ನಿನ್ನ ಪತ್ರ ಬಂದದ್ದು, ಪುಣೆಯಲ್ಲಿ ನಿನ್ನ ಪಾಮರೇನಿಯನ್ನಿಗೆ ಹೋಮಿಯೋಪತಿಯಿಂದ ಗುಣವಾಯಿತೆಂದು. ಸಕ್ಕರೆ ಗುಳಿಗೆಯ ಮೇಲೆ ನನಗೆ ನಂಬಿಕೆಯಿದೆಯೋ ಇಲ್ಲವೋ, ಈಗಲೂ ಹೇಳಲಾರೆ. ಆದರೆ ಸವದತ್ತಿಯಲ್ಲಿ ಸಿದ್ಧಾರೂಢ ಎಂಬ ಹೋಮಿಯೋಪತಿ ಡಾಕ್ಟರು ಆಕಳಿಗೂ ನಾಯಿಗೂ ಔಷಧ ಕೊಡುತ್ತಾರೆಂದು ಕೇಳಿದ್ದೆ. ಜೀಪು ಮಾಡಿಕೊಂಡು ಬಿಜಲಿಯ ಜೊತೆ ನಾನೊಬ್ಬಳೇ ಹೋದೆ. ಅಲ್ಲಿ ಪಾಳಿಗೆ ಕುಳಿತಿದ್ದ ಒಬ್ಬ ಹೆಂಗಸು, "ಯಾರಿಗಿ ಆರಾಮಿಲ್ರಿ?" ಎಂದಳು. ಇವಳಿಗೆ ಎಂದು ತೋರಿಸಿದೆ. ಆಕೆ ಸೆರಗು ಎಳೆದುಕೊಂಡು, "ಪಾಳಿ ನಂದು ಮೊದಲೈತಿ ನೋಡ್ರಿ ಮತ್ತ," ಎಂದಳು. ನಾಯಿಗೇ ಹೇಳಿದಂತಿತ್ತು.

ಈ ಡಾಕ್ಟರು ಹುಣ್ಣನ್ನು ಸ್ವಲ್ಪವೇ ನೋಡಿದರು, ಪ್ರಶ್ನೆಗಳನ್ನೇ ಬಹಳ ಕೇಳಿದರು. ನಾಯಿಗೆ ಬಾಯಿ ಇಲ್ಲವಲ್ಲ, ಸಾಕಿದವರು ಹೇಳಬೇಕು.

"ಯಾವಾಗಿನಿಂದ ಹಿಂಗ ಮಾಡಾಕ ಹತ್ಯಾಳರಿ?"

ಗೋಡೆ ಕಟ್ಟಿದಾಗಿನಿಂದ ಎಂದೆ. ನಿನಗೆ ಬರೆದಿದ್ದೆನಲ್ಲ, ಮೈದುನ ಬೇರೆಯಾದರು. ಜಗಳವೇನೂ ಆಗಲಿಲ್ಲ, ಹಿರಿಯರನ್ನು ಕೂಡಿಸಿಕೊಂಡು ಮರ್ಯಾದೆಯಿಂದ ಪಾಲಾಯಿತು. ಹಿತ್ತಲಿನ ನಡುವೆ ಒಂದು ಗೋಡೆ ಎದ್ದಿತು, ಅಷ್ಟೇ. ಮೈದುನನ ಮಗಳು ಅನ್ನಪೂರ್ಣಾ ಹುಟ್ಟಿದಾಗಿನಿಂದ ನನ್ನ ಪಕ್ಕದಲ್ಲೇ ಮಲಗುತ್ತಿದ್ದವಳು. ಈಗ ಆಚೆ ಇರುತ್ತಾಳೆ.

"ಯಾರನ್ನರ ದಾರಿ ಕಾಯತಾಳೇನ್ರಿ?"

ಸಾಲೆ ಬಿಡುವ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಾಳೆ ಎಂದೆ.

"ಮೈ ಸವರಿ ಸಮಾಧಾನ ಮಾಡಿದ್ರ ಸೇರತೈತ್ಯೋ?"

ಇಲ್ಲ, ಮುಖ ತಿರುಗಿಸಿಕೊಂಡು ಒಳಗೆ ಹೋಗುತ್ತಾಳೆ. ಅಳುವುದಿದ್ದರೆ ಒಬ್ಬಳೇ. ಊಟ ಮಾಡುತ್ತಾಳೆ, ಆದರೆ ರುಚಿ ಇಲ್ಲ. ಜನರಿದ್ದರೆ ಚೆನ್ನಾಗಿಯೇ ಇರುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ.

ರೇಣು, ನನಗೇ ಆಶ್ಚರ್ಯವಾಗುವಷ್ಟು ಹೇಳಿದೆ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಅಷ್ಟು ಹೊತ್ತು ಯಾರಾದರೂ ನನ್ನ ಮಾತು ಕೇಳಿ ಬಹಳ ದಿನವಾಗಿತ್ತು. ಸಣ್ಣ ಸೀಸೆಯಲ್ಲಿ ಬಿಳಿ ಗುಳಿಗೆ ಕೊಟ್ಟು, ನೀರಿನಲ್ಲಿ ಕರಗಿಸಿ ಬಾಯಿಗೆ ಹಾಕಿರಿ, ಕೈಯಿಂದ ಮುಟ್ಟಬೇಡಿರಿ ಎಂದರು.

ತಪ್ಪದೆ ಕೊಟ್ಟೆ. ಏನೂ ಆಗಲಿಲ್ಲ, ಹುಣ್ಣು ಇನ್ನಷ್ಟು ಅಗಲವಾಯಿತು. ದಸರೆಯ ಹೊತ್ತಿಗೆ ಕಾಲನ್ನು ನೆಲಕ್ಕೆ ಊರುತ್ತಿರಲಿಲ್ಲ. ಇವಳನ್ನೂ ಕಳೆದುಕೊಂಡರೆ ಮನೆಯಲ್ಲಿ ನನ್ನ ಹಿಂದೆ ಮುಂದೆ ಓಡಾಡುವ ಜೀವ ಒಂದೂ ಇರುವುದಿಲ್ಲ ಎಂದು ಹೆದರಿದೆ. ನಮ್ಮವರು ಅಂಗಡಿ ಬಿಟ್ಟು ಎದ್ದರು. "ನಡಿ, ನಾನೂ ಬರತೇನಿ. ಏನ್ ಕೇಳ್ಯಾನ, ನೀ ಏನ್ ಹೇಳೀಯೋ ನೋಡೂಣು."

ಡಾಕ್ಟರು ನಾನು ಹಿಂದೆ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನಪಿಸಿದರು. ಇವರು ಕೇಳುತ್ತ ಕೇಳುತ್ತ ನಗತೊಡಗಿದರು. ಆಮೇಲೆ ಒಂದೊಂದನ್ನೇ ತಿದ್ದಿದರು. "ಅನ್ನಪೂರ್ಣಾ ಇದರ ಕಿವಿ ಹಿಡದು ಜಗ್ಗತಿದ್ಲರಿ. ಆಕಿ ಆ ಕಡೆ ಹ್ವಾದ ಮ್ಯಾಲ ಇದು ನಿರುಂಬಳ ಆಗೇತಿ. ಮೈ ಸವರಿದ್ರ ಮುಖ ಎಲ್ಲಿ ತಿರುವತೈತಿ, ಹೊಟ್ಟಿ ಮ್ಯಾಲ ಮಾಡಿ ಬೀಳತೈತಿ. ಇದಕ್ಕ ದುಃಖ ಇಲ್ಲ ಡಾಕ್ಟ್ರ, ಸಿಟ್ಟು. ಹಿತ್ತಲದಾಗ ಈ ತುದಿಯಿಂದ ಆ ತುದಿತನಕಾ ಓಡತಿತ್ತು. ನಾವು ನಡುವ ಗ್ವಾಡಿ ಎಬ್ಬಿಸಿದ್ವಿ. ಓಡಿ ಹೋಗತೈತಿ, ಗ್ವಾಡಿ ಮುಂದ ನಿಂದರತೈತಿ, ಸಿಟ್ಟಿಲೆ ಬಂದು ಕಾಲು ನೆಕ್ಕತೈತಿ."

ಬಿಜಲಿ ಎಡಮಗ್ಗುಲಿಗೆ ಮಲಗುತ್ತಾಳೆ, ಸೆಕೆಯಾದರೆ ಗೋಣಿಚೀಲದ ಮೇಲೆ ಹೋಗುತ್ತಾಳೆ, ಮಜ್ಜಿಗೆಗಿಂತ ತಿಳಿ ಸಾರು ಅವಳಿಗೆ ಇಷ್ಟ. ಇವರಿಗೆ ಎಲ್ಲವೂ ಗೊತ್ತಿತ್ತು. ಅಂಗಡಿಯಿಂದ ಬಂದು ಮಾತಿಲ್ಲದೆ ಊಟ ಮಾಡಿ ಏಳುವ ಮನುಷ್ಯ ಇಷ್ಟನ್ನೆಲ್ಲ ಯಾವಾಗ ನೋಡಿದರು?

ಡಾಕ್ಟರು ಬೇರೆ ಗುಳಿಗೆ ಕೊಟ್ಟರು. "ಗುಳಗಿ ಒಂದ ಸಾಲೂದಿಲ್ಲ ಸಾವಕಾರ್ರ, ಕಾಲು ಊರೂ ಹಂಗಾದ್ರ ದಿನಾ ಓಡಸ್ರಿ," ಎಂದರು. ಈಗ ಇವರು ಬೆಳಿಗ್ಗೆ ಎದ್ದು ಅವಳನ್ನು ನವಿಲುತೀರ್ಥದ ಕಾಲುವೆಯ ದಾರಿಗೆ ಕರೆದೊಯ್ಯುತ್ತಾರೆ. ಮೊದಮೊದಲು ಕುಂಟುತ್ತ ಹೋಗುತ್ತಿದ್ದಳು, ಈಗ ಇವರನ್ನೇ ಹಿಂದೆ ಹಾಕುತ್ತಾಳಂತೆ. ಹುಣ್ಣು ಒಣಗಿದೆ, ಅಂಚಿನಲ್ಲಿ ಹೊಸ ಕೂದಲು ಮೂಡಿದೆ. ಗುಳಿಗೆಯಿಂದಲೋ ಓಟದಿಂದಲೋ ನನಗೆ ತಿಳಿಯದು. ಯಾವುದರಿಂದ ಎಂದು ತಿಳಿಯಲು ಒಂದನ್ನು ನಿಲ್ಲಿಸಿ ನೋಡುವ ಧೈರ್ಯವೂ ಇಲ್ಲ. ತಿರುಗಿ ಬಂದಾಗ ಇಬ್ಬರ ಕಾಲಿಗೂ ಕೆಸರು. ಚನ್ನವ್ವ, "ಬಂದ್ರು ನೋಡ್ರಿ ಅಣ್ಣ ತಂಗಿ," ಎನ್ನುತ್ತಾಳೆ. ಇವರು ಅದಕ್ಕೂ ನಗುತ್ತಾರೆ. ಇವರು ನಗುವುದನ್ನು ನಾನು ಬಾಗಿಲಲ್ಲಿ ನಿಂತು ನೋಡುತ್ತೇನೆ.

ನಿನ್ನ ಮಗಳ ಪರೀಕ್ಷೆ ಚೆನ್ನಾಗಿ ಆಗಲಿ, ಅವಳ ತಲೆ ಸವರಿದೆನೆಂದು ಹೇಳು. ನೀನು ಬಿಸಿನೀರು ಕುಡಿಯುವುದನ್ನು ಮರೆಯಬೇಡ, ನಿನ್ನ ಗಂಟಲು ನನಗೆ ಗೊತ್ತು. ಎಲ್ಲಮ್ಮ ನಿಮ್ಮೆಲ್ಲರನ್ನೂ ಕಾಯಲಿ.

ನಿನ್ನ
ರಾಜೇಶ್ವರಿ

ತಾ.ಕ.: ಮೇಲೆ ಬರೆಯುವಾಗ ಒಂದು ಮಾತು ಬಿಟ್ಟೆ. ಡಾಕ್ಟರು ನನ್ನ ಉತ್ತರಗಳನ್ನೆಲ್ಲ ಹೇಳಿ ಮುಗಿಸಿದಾಗ, ಒಬ್ಬಳೇ ಅಳುತ್ತಾಳೆ, ಗೋಡೆಯ ಹತ್ತಿರ ನಿಲ್ಲುತ್ತಾಳೆ, ಯಾರಿಗೂ ಗೊತ್ತಾಗುವುದಿಲ್ಲ ಎಂದೆಲ್ಲ, ಇವರು ತಿದ್ದುವುದಕ್ಕಿಂತ ಮೊದಲು ನಗುತ್ತ ಹೇಳಿದ್ದು ಇದು: "ಇಂಥಾಕಿ ನಮ್ಮನ್ಯಾಗ ಯಾರೂ ಇಲ್ಲ ಬಿಡ್ರಿ." ನಾನು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ.

ಮೊದಲ ಸಲದ ಗುಳಿಗೆಗಳನ್ನು ಎಸೆದಿಲ್ಲ. ಬೆಳಿಗ್ಗೆ ಅವರಿಬ್ಬರೂ ಕಾಲುವೆಯ ಕಡೆ ಹೋದ ಮೇಲೆ, ಕೈಯಿಂದ ಮುಟ್ಟದೆ, ಮುಚ್ಚಳದಿಂದಲೇ ನಾಲಿಗೆಯ ಮೇಲೆ ಹಾಕಿಕೊಳ್ಳುತ್ತೇನೆ. ಸೀಸೆಯ ಮೇಲೆ ಬಿಜಲಿ ಎಂದೇ ಬರೆದಿದೆ. ಹಾಗೆಯೇ ಬಿಟ್ಟಿದ್ದೇನೆ.