ನಕ್ಷತ್ರದ ವಯರಿನಲ್ಲಿ ತೂಗುವ ಕಸದ ಬಗ್ಗೆ

ಮಾನ್ಯ ನೈರ್ಮಲ್ಯಾಧಿಕಾರಿಗಳೇ,

ನನ್ನ ಸಿಟ್‌ಔಟಿನಲ್ಲಿ ತೂಗುತ್ತಿರುವ ಕಸವನ್ನು ಮೂರು ದಿನಗಳೊಳಗೆ ತೆಗೆಯದಿದ್ದರೆ ಸೋಮವಾರ ಬೆಳಿಗ್ಗೆ ತಮ್ಮ ಸಿಬ್ಬಂದಿಯೇ ಬಂದು ತೆಗೆಯುವರೆಂಬ ನೋಟಿಸ್ ತಲುಪಿತು. ಆ ಕಸದೊಳಗೆ ಎಂಟು ದಿನದ ಎರಡು ಸೂರಕ್ಕಿ ಮರಿಗಳಿವೆ. ನೋಟಿಸನ್ನು ಅವುಗಳಿಗೆ ಓದಿ ಹೇಳಿದ್ದೇನೆ. ಕಣ್ಣು ಈಗಷ್ಟೇ ಬಿಡುತ್ತಿರುವುದರಿಂದ ಸಹಿ ಪಡೆಯಲಾಗಲಿಲ್ಲ. ಶುಕ್ರವಾರ ತಮ್ಮ ಕಚೇರಿಗೆ ಬಂದು ವಿಚಾರಿಸಿದರೆ, ಸಾಹೇಬರು ಸೋಮವಾರ ಸಂಜೆ ಸಿಗುತ್ತಾರೆ ಎಂದರು. ಹಾಗಾಗಿ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ತಪಾಸಣೆಗೆ ಬಂದಿದ್ದ ತಮ್ಮ ಇಲಾಖೆಯ ಸಮದ್ ಒಳ್ಳೆಯ ಹುಡುಗ. ಸೊಳ್ಳೆ ನಿರ್ಮೂಲನೆಗೆಂದು ಮನೆಮನೆ ಸುತ್ತಿ ಬೆವತಿದ್ದ. ಮೊಬೈಲ್ ಹಿಡಿದು ಮೇಲೆ ನೋಡಿದ.

"ಇದೆಂತ ಆಂಟಿ, ಕಸ ನೇತಾಡ್ತಾ ಉಂಟಲ್ಲ?"

"ಕಸ ಅಲ್ಲ ಮಾರಾಯ, ಹಕ್ಕಿಗೂಡು. ಒಳಗೆ ಮರಿ ಉಂಟು."

"ಆ್ಯಪಿನಲ್ಲಿ ಗೂಡು ಅಂತ ಇಲ್ಲ ಆಂಟಿ. ಟಯರ್, ಹೂಕುಂಡ, ಎಳನೀರ ಬೊಂಡದ ಚಿಪ್ಪು, ಇತರೆ ಕಸ. ಇಷ್ಟೇ ಉಂಟು. ಒಂದು ಒತ್ತದಿದ್ರೆ ಮುಂದೆ ಹೋಗುದಿಲ್ಲ."

ಇತರೆ ಕಸ ಎಂದು ಒತ್ತಿದ. ಎದುರಿನ ಖಾಲಿ ಜಾಗದಲ್ಲಿ ಕಳೆದ ಮಳೆಗಾಲದಿಂದ ನೀರು ತುಂಬಿಕೊಂಡು ಬಿದ್ದಿರುವ ಟಯರುಗಳನ್ನು ತೋರಿಸಿದೆ. ಅದಕ್ಕೆ ಮನೆ ನಂಬರ್ ಇಲ್ಲವಂತೆ, ಆದ್ದರಿಂದ ಅದು ಆ್ಯಪಿಗೆ ಕಾಣುವುದಿಲ್ಲ.

ತಮ್ಮ ಇಲಾಖೆ ಮೋಸಹೋದದ್ದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕಸದಂತೆ ಕಾಣಿಸುವುದೇ ಆ ಗೂಡಿನ ಕೆಲಸ. ಹೆಬ್ಬೆರಳಿನಷ್ಟಿರುವ ಹೆಣ್ಣು ಹಕ್ಕಿ ಜೇಡರ ಬಲೆಯನ್ನು ಅಂಟಾಗಿ ಬಳಸಿ, ನಾರು, ತೊಗಟೆ ಚೂರು, ಕಂಬಳಿಹುಳದ ಹಿಕ್ಕೆಯನ್ನೆಲ್ಲ ಹೊರಗೆ ಮೆತ್ತುತ್ತದೆ, ಕಾಗೆಗೆ ಅನುಮಾನ ಬಾರದಿರಲೆಂದು. ಕಾಗೆ ಮೋಸಹೋಯಿತು, ತಾವೂ ಹೋದಿರಿ. ಗಂಡು ಹಕ್ಕಿ ಈ ಕಾಮಗಾರಿಯುದ್ದಕ್ಕೂ ಪಕ್ಕದ ದಾಸವಾಳದಲ್ಲಿ ಕುಳಿತು ಮೇಲ್ವಿಚಾರಣೆ ನಡೆಸಿತು. ಅದು ತಮಗೆ ಪರಿಚಿತ ಪದ್ಧತಿಯೇ ಇರಬೇಕು. ಬಾಗಿಲ ಮೇಲೊಂದು ಪುಟ್ಟ ಮಾಡೂ ಉಂಟು. ನಮ್ಮ ಬಸ್ ತಂಗುದಾಣದ ಮಾಡಿನಂತೆ ಅದು ಸೋರುವುದಿಲ್ಲ, ಆದ್ದರಿಂದ ಒಳಗೆ ನೀರು ನಿಂತು ಸೊಳ್ಳೆಯಾಗುವ ಭಯವಿಲ್ಲ. ದೊಡ್ಡವು ಮಕರಂದ ಕುಡಿದರೂ ಮರಿಗಳಿಗೆ ಕೊಡುವುದು ಜೇಡ ಮತ್ತು ಸಣ್ಣ ಹುಳಗಳನ್ನು. ಅಂದರೆ ತಮ್ಮ ಇಲಾಖೆಯ ಕೆಲಸವನ್ನು ನಮ್ಮ ಓಣಿಯಲ್ಲಿ ಬೆಳಿಗ್ಗೆ ಆರರಿಂದ ಸಂಜೆಯವರೆಗೆ ಮಾಡುತ್ತಿರುವುದು ಸದ್ಯಕ್ಕೆ ಇವೆರಡೇ.

ಇಷ್ಟೆಲ್ಲ ನನಗೆ ಹೇಗೆ ಗೊತ್ತೆಂದು ಕೇಳಬಹುದು. ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದೆ. ಗಮನಿಸಿ ಬರೆದಿಡುವುದು ಅಭ್ಯಾಸ. ಆದರೆ ಕಳೆದ ವರ್ಷ ಗಮನಿಸಿರಲಿಲ್ಲ. ಚರ್ಚಿನ ಫಾದರ್ ಮನೆ ಆಶೀರ್ವಾದಕ್ಕೆ ಬರುವವರಿದ್ದರು. ಆ ದಿನ ಮಾಡಿನಲ್ಲಿ ಒಂದು ಬಲೆ ಕಂಡರೂ ನೆರೆಕರೆಯವರ ಬಾಯಿಗೆ ಬೀಳುತ್ತೇವೆ. ಕ್ರಿಸ್‌ಮಸ್ ನಕ್ಷತ್ರ ಇಳಿಸಿದ ಮೇಲೆ ಉಳಿದಿದ್ದ ಇದೇ ವಯರಿನಲ್ಲಿ ಏನೋ ಕಸ ತೂಗುತ್ತಿತ್ತು. ಗುಡಿಸುವ ಉದ್ದ ಹಿಡಿಸೂಡಿಯಿಂದ ಒಂದೇ ಏಟಿಗೆ ಕೆಡವಿದೆ. ಗುಡಿಸುವಾಗ ಮೊರದಲ್ಲಿ ಎರಡು ಮರಿಗಳಿದ್ದವು. ಒಂದು ಇನ್ನೂ ಬಾಯಿ ತೆರೆಯುತ್ತಿತ್ತು. ಎಷ್ಟೋ ಶಿಶುಗಳಿಗೆ ಉಸಿರು ಬರಿಸಿದ ಈ ಕೈಗೆ ಅಷ್ಟು ಚಿಕ್ಕದನ್ನು ಹೇಗೆ ಹಿಡಿಯಬೇಕೆಂದು ತಿಳಿಯಲಿಲ್ಲ. ಮಧ್ಯಾಹ್ನಕ್ಕೆ ಅದೂ ಹೋಯಿತು.

ಫಾದರ್ ಬಂದವರು, "ಎಷ್ಟು ಕ್ಲೀನ್ ಇಟ್ಟಿದ್ದೀರಿ ಮಟಿಲ್ಡಾಬಾಯಿ" ಎಂದರು. ಅವರ ಬೆನ್ನ ಹಿಂದೆ ತಾಯಿಹಕ್ಕಿ ಕೊಕ್ಕಿನಲ್ಲಿ ಜೇಡ ಹಿಡಿದುಕೊಂಡು, ಗೂಡಿನ ಬಾಗಿಲಿದ್ದ ಜಾಗದಲ್ಲಿ ರೆಕ್ಕೆ ಬಡಿಯುತ್ತಾ ನಿಂತಿತ್ತು. ಕತ್ತಲಾಗುವವರೆಗೂ ಬರುತ್ತಲೇ ಇತ್ತು. ಈ ವರ್ಷ ನಕ್ಷತ್ರ ಇಳಿಸಿದಾಗ ವಯರನ್ನು ಬೇಕೆಂದೇ ಬಿಟ್ಟೆ.

ನನಗೆ ಬೇಕಾದದ್ದು ಹತ್ತು ದಿನ. ಅಷ್ಟರಲ್ಲಿ ಮರಿಗಳು ಹಾರುತ್ತವೆ, ಖಾಲಿ ಗೂಡನ್ನು ನಾನೇ ತಂದು ತಮ್ಮ ಮೇಜಿನ ಮೇಲಿಡುತ್ತೇನೆ. ಅಷ್ಟು ಕಾಯಲು ನಿಯಮ ಬಿಡದಿದ್ದರೆ ಸಮದನನ್ನು ಕಳಿಸಬೇಡಿ, ತಾವೇ ಬನ್ನಿ. ಹಿಡಿಸೂಡಿ ನಮ್ಮಲ್ಲುಂಟು. ಕೆಡವಿದ ಮೇಲೆ ಕತ್ತಲಾಗುವವರೆಗೆ ಅಲ್ಲೇ ಕುಳಿತಿರಬೇಕು, ಅದೊಂದೇ ಷರತ್ತು. ಕುರ್ಚಿ ಹಾಕಿರುತ್ತೇನೆ.

ಇಂತಿ,
ಯಾರ ನೋಟಿಸೂ ಇಲ್ಲದೆ ಒಮ್ಮೆ ಆ ಕೆಲಸ ಮಾಡಿ ಮುಗಿಸಿದವಳು,
ಮಟಿಲ್ಡಾ, ನಿವೃತ್ತ ನರ್ಸ್, ಮಂಗಳೂರು