ಕಾಡೆತ್ತಿನ ಹಣಿಗೆ ಹಚ್ಚಿದ ಭಂಡಾರ

ಔರಾದ
ಭಾನುವಾರ, ೧೧ ಜನವರಿ ೨೦೨೬

ಜೀವದ ಗೆಳತಿ ಸಿದ್ದೇಶ್ವರಿಗೆ, ನಿನಗ ಮಾರಿ ತೋರಸ್ಲಾಕ ಆಗದ ಪ್ರಿಸ್ಸಿ ಮಾಡೂ ಶರಣಾರ್ಥಿ.

ನಿನ್ನಿಯಿಂದ ಫೋನ್ ಹಚ್ಚೇ ಹಚ್ಚಲತ್ತೀನಿ, ನೀ ಎತ್ತವಲ್ಲಿ. ಎತ್ತಬ್ಯಾಡ ಬಿಡು. ಎತ್ತಿದ್ರೂ ನಾ ಏನ್ ಮಾತಾಡ್ತಿದ್ದೆ, ನನ್ನ ತಲಿ! ಬರದ್ರ ಅರ್ಧಕ್ಕ ಹೊಳ್ಳಿ ಓಡ್ಲಾಕ ಬರಂಗಿಲ್ಲ, ಅದಕ್ಕ ಬರೀಲತ್ತೀನಿ.

ಬೀದರದಾಗ ಹಿಂದಿನ ಕಾಲದ ಪ್ರಾಣಿಗಳ ಪ್ರದರ್ಶನ ಬಂದದ, ನೋಡೂಣು ಬಾ ಅಂತ ನಿನ್ನಿ ಎಕಂಬಾದಿಂದ ನಿನ್ನ ಕರಕೊಂಡು ಹೋದಾಕಿ ನಾನೇ. ಕುರಿ ಕಾಯೋ ನನಗ ಅಲ್ಲೇನದ ಅಂತ ನೀ ಅಂದ್ರೂ ಬಿಡಲಿಲ್ಲ. ಒಳಗ ಆ ಉದ್ದ ದಂತದ ಆನಿ ಬೊಂಬಿ ನೋಡಿ ನೀ ಯವ್ವಾ ಯವ್ವಾ ಅಂತ ಬಾಯಿಮ್ಯಾಲ ಕೈ ಇಟ್ಕೊಂಡಾಗ ನನಗ ಎಷ್ಟು ಖುಷಿ ಆಗಿತ್ತು ಗೊತ್ತೇನ?

ಆಮ್ಯಾಲ ನನ್ನಂಗ ಸಾಲಿ ಕಲಸೂ ಭಾಲ್ಕಿಯ ಟೀಚರ್‌ಗಳು ಭೇಟಿ ಆದ್ರು. ಅವರ ಕೂಡ ಇಂಗ್ಲೀಷಿನಾಗ ಮಾತಾಡ್ಕೋತ ನಾ ಮುಂದ ಹೋದೆ. ನೀ ಆ ಕಾಡೆತ್ತಿನ ತಲಿಬುರುಡಿ ಮುಂದನ ನಿಂತಿ. ಎಷ್ಟು ದೊಡ್ಡ ಕೋಡು ಅದಕ್ಕ! ಎಲುಬು ಕಲ್ಲಾಗಿ ಹೋಗ್ಯಾದ. ನಿಮ್ಮ ಮನ್ಯಾಗ ಹಿಂಡಿನ ಮುಂದಿನ ಟಗರು ಸತ್ತರ ಹಣಿಗೆ ಅರಿಶಿಣದ ಭಂಡಾರ ಹಚ್ಚದ ಮಣ್ಣು ಮಾಡಂಗಿಲ್ಲ. ಈ ಬಡಜೀವಕ್ಕ ಯಾರೂ ಹಚ್ಚಿಲ್ಲಲ್ಲ ಅಂತ ನಿನ್ನ ಕರುಳು ಚುರ್ ಅಂದಿರಬೇಕು. ಸೊಂಟದ ಚಂಚಿ ಬಿಚ್ಚಿ, ಮೈಲಾರಲಿಂಗನ ಹೆಸರು ತಗೊಂಡು, ಕಟ್ಟಿದ ಹಗ್ಗದಾಚೆ ಬಾಗಿ ಹಣಿಗೆ ಭಂಡಾರ ಒತ್ತಿದಿ.

ಕಾವಲಿನವ ಚೀರಿದ. ಈಕಿನ್ನ ಯಾರು ಕರಕೊಂಡು ಬಂದ್ರಿ ಅಂತ ಎಲ್ಲರನ್ನೂ ಕೇಳಿದ. ನೀ ನನ್ನ ಕಡಿ ನೋಡಿದಿ. ನನ್ನ ಬಾಜೂಕಿದ್ದ ಕ್ಯಾರೊಲಿನ ಟೀಚರ್, ನಿಮ್ಮ ಕೂಡ ಬಂದಾಕಿ ಏನ್ರಿ ಅಂತ ಕೇಳಿದ್ರು. ಅಲ್ರಿ, ಆಕಿ ಯಾರೋ ನನಗ ಗೊತ್ತಿಲ್ರಿ ಅಂದೆ. ನನ್ನ ಬಾಯಾಗ ಹುಳ ಬೀಳ್ಲಿ! ನೀ ಸೆರಗಿನಿಂದ ಆ ಹಣಿ ಒರಸಿ, ಒಬ್ಬಾಕೀನ ಬಸ್ ಸ್ಟ್ಯಾಂಡಿಗೆ ನಡದಿ.

ಅಂಜಿ ಅಂದೆ ಅಂತ ಬರದ್ರ ನಿನಗ ಪಾಪ ಅನಿಸೀತು. ಖರೇ ಹೇಳ್ತೇನಿ, ನಿನ್ನ ನನ್ನಾಕಿ ಅನ್ಲಾಕ ನನಗ ನಾಚಿಕಿ ಆತು. ಆ ಟೀಚರ್‌ಗಳು ನಕ್ರು, ನಾನೂ ನಕ್ಕೆ. ಅದು ನಿನಗ ಕೇಳಿಸ್ಯಾದ. ಬಾಗಲದಾಗ ನೀ ಒಂದು ಗಳಿಗಿ ನಿಂತಿದ್ದು ನೋಡೀನಿ. ನನ್ನ ನೋಹ ಹುಟ್ಟಿದಾಗ ನಾ ಜ್ವರದಾಗ ಬಿದ್ದಿದ್ದೆ. ಆಗ ಆ ಕೂಸಿಗೆ ನಿನ್ನ ಹಾಲು ಕುಡಿಸಿ ಉಳಿಸಿದಾಕಿ ನೀನು. ಅಂಥಾಕಿಗೆ ಗೊತ್ತಿಲ್ಲ ಅಂದೆನಲ್ಲೇ ಸಿದ್ದಿ! ಇವತ್ತ ಚರ್ಚಿನಾಗ ನನ್ನ ಬಾಯಿಗೆ ಹಾಡೇ ಬರಲಿಲ್ಲ.

ಬರೂ ಶನಿವಾರ ಎಕಂಬಾಕ್ಕ ಬರ್ತೇನಿ. ಬೈದ್ರ ಬೈಸ್ಕೋತೇನಿ, ಬಾಗಲಾ ಹಾಕಿದ್ರ ಕಟ್ಟಿಮ್ಯಾಲ ಕೂಡ್ತೇನಿ. ಮಾಫ್ ಮಾಡು ಅನ್ಲಾಕ ಬಾಯಿಲ್ಲ, ಆದ್ರೂ ಅಂತೀನಿ.

ನಿನ್ನಾಕಿ ಅಂತ ಬರೀಲಾಕ ಹಕ್ಕಿಲ್ಲದ,
ಪ್ರಿಸಿಲ್ಲಾ

ತಾ.ಕ.: ಅಂಬಿಕಾ, ನಿಮ್ಮವ್ವಗ ಓದ್ಲಾಕ ಬರಂಗಿಲ್ಲ, ಇದನ್ನ ಓದಿ ಹೇಳಾಕಿ ನೀನೇ. ಅದಕ್ಕಂತನ ಮೊದಲು ಬರದ ಪತ್ರದಾಗ, ಕಾವಲಿನವ ಕೇಳಿದ್ದು ಗದ್ದಲದಾಗ ನನಗ ಕೇಳಿಸಲೇ ಇಲ್ಲ ಅಂತ ಸುಳ್ಳು ಬರದಿದ್ದೆ. ನಿನ್ನ ಮುಂದ ಟೀಚರಾಗಿ ಉಳೀಬೇಕಿತ್ತು ನನಗ. ಅದನ್ನ ಹರದು ಒಲಿಗೆ ಹಾಕೀನಿ. ನಾಳಿ ಸಾಲ್ಯಾಗ ಇದನ್ನ ನಿನ್ನ ಕೈಯಾಗ ಕೊಡ್ತೇನಿ. ನನ್ನ ಮರ್ಯಾದಿ ಕಾಯಲಾಕ ಒಂದು ಸಾಲೂ ಬಿಡಬ್ಯಾಡ ಮಗಳ. ನಾ ನಕ್ಕಿದ್ದು ಸೈತ ಗಟ್ಟಿಯಾಗಿ ಓದು. ಮರುದಿನ ನಾ ಕ್ಲಾಸಿಗೆ ಬಂದಾಗ ನೀ ಎದ್ದು ನಿಲ್ಲದಿದ್ರೂ ನಡೀತದ.