ಗೇಟಿನಲ್ಲಿ ಬಂದಿಯಾದ ಎದೆಹಾಲು

ಚಿನ್ನದ ಗಣಿಯ ಕಾವಲು ವಿಭಾಗದ ಮೇಲಧಿಕಾರಿಗಳಿಗೆ

ಮಾನ್ಯರೇ,

ಕಳೆದ ಸೋಮವಾರ ತಮ್ಮ ಸಿಬ್ಬಂದಿ ಗೇಟಿನಲ್ಲಿ ಒಂದು ಗಾಜಿನ ಸೀಸೆಯನ್ನು ವಶಪಡಿಸಿಕೊಂಡರು. ಅದರಲ್ಲಿದ್ದದ್ದು ನನ್ನ ಎದೆಹಾಲು. ಎರಡು ದಿನ ತಮ್ಮ ಕಪಾಟಿನಲ್ಲಿ ಬೀಗದೊಳಗಿದ್ದು, ಬುಧವಾರ ‘ಆಕ್ಷೇಪಾರ್ಹ ವಸ್ತುವಿಲ್ಲ’ ಎಂಬ ಚೀಟಿಯೊಂದಿಗೆ, ಒಡೆದು ನಾರುತ್ತಾ ಬಿಡುಗಡೆಯಾಯಿತು. ಹಾಲು ನಿರ್ದೋಷಿಯೆಂದು ತೀರ್ಮಾನಿಸಿದ್ದಕ್ಕೆ ವಂದನೆಗಳು. ನನ್ನಲ್ಲಿರುವುದು ಅದೊಂದೇ ಸೀಸೆ. ಆ ಎರಡು ಹಗಲು ನನ್ನ ಐದು ತಿಂಗಳ ಮಗಳು ಏನು ಕುಡಿಯಬೇಕಿತ್ತು ಎಂಬುದನ್ನು ಚೀಟಿಯಲ್ಲಿ ಬರೆದಿರಲಿಲ್ಲ.

ನಾನು ಬಂಗಾರಪೇಟೆ ಕಡೆಯ ಕೂಲಿಮಠದ ಮೇಷ್ಟರ ಮಗಳು. ಈ ನಾಲ್ಕಕ್ಷರ ಅವರು ಕಲಿಸಿದ್ದು. ನಮ್ಮ ಯಜಮಾನರು ಈ ಗಣಿಯ ಆಳದಲ್ಲಿ ಹನ್ನೊಂದು ವರ್ಷ ಬಂಡೆ ಕೊರೆದು, ಈಗ ಜಗಲಿಯ ಮೇಲೆ ಕೂತು ಕೆಮ್ಮುತ್ತಾರೆ. ಹಾಗಾಗಿ ಮೇಲಿನ ಶೆಡ್ಡಿನಲ್ಲಿ ಕಲ್ಲು ಆರಿಸಲು ನಾನು ಬರುತ್ತೇನೆ. ಬೆಳಿಗ್ಗೆ ಏಳಕ್ಕೆ ಒಳಗೆ ಬಂದರೆ ಸಂಜೆ ನಾಲ್ಕರವರೆಗೆ ಗೇಟು ದಾಟುವಂತಿಲ್ಲ. ದಾಟಿದವಳ ಹೆಸರು ಮರುದಿನ ಹಾಜರಿಯಲ್ಲಿರುವುದಿಲ್ಲ. ಮಗುವನ್ನು ಒಳಗೆ ತರುವಂತೆಯೂ ಇಲ್ಲ. ಇವೆಲ್ಲ ತಮ್ಮ ನಿಯಮಾವಳಿ. ನನ್ನ ಎದೆ ಮಾತ್ರ ಅದನ್ನು ಓದಿಲ್ಲ. ಹತ್ತು ಗಂಟೆಗೆಲ್ಲ ಗಟ್ಟಿಯಾಗಿ, ಕಂಕುಳವರೆಗೂ ಸೆಳೆಯುತ್ತದೆ, ಸೀರೆ ನೆನೆಯುತ್ತದೆ. ಎರಡು ಸಲ ಬಾವು ಬಂದು ಚಳಿಜ್ವರದಲ್ಲೇ ಕಲ್ಲು ಆರಿಸಿದ್ದೇನೆ.

ರಾಬರ್ಟ್‌ಸನ್‌ಪೇಟೆಯ ಸೂಲಗಿತ್ತಿ ಕದಿರಮ್ಮ ಉಪಾಯ ಹೇಳಿಕೊಟ್ಟರು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಡಬೇಕು, ಕಂಕುಳಿಂದ ಮುಂದಕ್ಕೆ ಮೆಲ್ಲಗೆ ನೀವಬೇಕು, ಕುದಿನೀರಲ್ಲಿ ತೊಳೆದ ಸೀಸೆಗೆ ಹಿಂಡಬೇಕು. “ಗಾಬರಿ ಬಿದ್ರೆ ಆಲು ಇಳಿಯಾಕಿಲ್ಲ ಕಣವ್ವಾ. ಮಗೀನ ಬಟ್ಟೆ ಮೂಗಿಗಿಟ್ಕಂಡು ಕೂತ್ಕೋ, ತಾನೇ ಬತ್ತೈತೆ” ಎಂದರು. ಆಸ್ಪತ್ರೆಯ ನರ್ಸಮ್ಮ ಎದೆಹಾಲು ಹೀರಿ ತೆಗೆಯುವ, ರಬ್ಬರ್ ಗುಂಡಿನ ಗಾಜಿನ ಪಂಪನ್ನೂ ಕೊಟ್ಟಿದ್ದರು. ಮೊದಲ ದಿನವೇ ಅದನ್ನು ಗೇಟಿನಲ್ಲಿ ಕಸಿದುಕೊಂಡರು. ಕಲ್ಲು ಪುಡಿಮಾಡುವ ಗಿರಣಿಯಲ್ಲಿ ಪಾದರಸಕ್ಕೆ ಅಂಟಿದ ಚಿನ್ನವನ್ನು ಹೀರಿ ಕದಿಯಲು ನಾನು ತಂದ ಉಪಕರಣವಂತೆ ಅದು! ಮಗುವಿನ ಬಟ್ಟೆಯನ್ನೂ ಬಿಡಲಿಲ್ಲ, ಅದರಲ್ಲಿ ಏನಾದರೂ ಸುತ್ತಿಕೊಂಡು ಹೋದೇನು ಎಂದು. ಉಳಿದದ್ದು ಕೈ ಮತ್ತು ಸೀಸೆ. ಶೆಡ್ಡಿನ ಹಿಂದೆ ಗೋಣಿಚೀಲದ ಮರೆಯಲ್ಲಿ ಕೂರುತ್ತೇನೆ. ಕಾವಲಿನವರು ಕೋಲಿನಿಂದ ತಗಡು ಕುಟ್ಟಿ “ಯಾರ್ಲಾ ಅಲ್ಲಿ?” ಎಂದರೆ ಸಾಕು, ಇಳಿಯುತ್ತಿದ್ದ ಹಾಲು ನಿಂತುಬಿಡುತ್ತದೆ. ಅಪ್ಪಣೆ ಮಾಡಿದರೆ ಎದೆ ಕೇಳುತ್ತದೆಯೇ, ಸ್ವಾಮಿ?

ಆ ಸೋಮವಾರ ಹೇಗೋ ಅರ್ಧ ಸೀಸೆ ತುಂಬಿತ್ತು. ಮಧ್ಯಾಹ್ನ ನಮ್ಮತ್ತೆ ಅಕ್ಕಯ್ಯಮ್ಮ ಹಾಲು ಒಯ್ಯಲು ಗೇಟಿನಾಚೆ ಬಿಸಿಲಲ್ಲಿ ಕಾಯುತ್ತಿದ್ದರು. ನೆರಳಲ್ಲಿ ಇಟ್ಟಿದ್ದ ಹಾಲಿನ ಮೇಲೆ ಕೆನೆ ನಿಂತಿತ್ತು. ಕಾವಲಿನ ಮುನಿಸ್ವಾಮಪ್ಪ ಸೀಸೆಯನ್ನು ಬೆಳಕಿಗೆ ಹಿಡಿದ.

“ಏನಮ್ಮಾ ಇದು? ಮೇಲೊಂದ್ ಬಣ್ಣ, ಕೆಳಗೊಂದ್ ಬಣ್ಣ ಐತೆ.”

“ಎದೆಆಲು ಕಣಣ್ಣಾ.”

“ಆಲಾದ್ರೆ ಒಂದೇ ತರ ಇರಬೇಕಲ್ಲ. ದೊರೆ ನೋಡ್ಲಿ, ಆಮೇಲೆ ತಕಂಡೋಗು.”

“ಮಗೀಗೆ ಆಲು ಕುಡ್ಸಾಕೆ ದೊರೆ ರುಜು ಬೇಕೇನಪ್ಪಾ?” ಅತ್ತೆ ಕಂಬಿಯ ಸಂದಿಯಿಂದ ಕೇಳಿದರು.

ಮುನಿಸ್ವಾಮಪ್ಪ ತಲೆ ತಗ್ಗಿಸಿದ. “ನಂಗೂ ಮಕ್ಕಳವೆ ಕಣಮ್ಮಾ. ಬಿಟ್ರೆ ನನ್ ಕೆಲ್ಸ ಓಗ್ತೈತೆ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ಗಣಿಯಲ್ಲಿ ಕಳ್ಳತನ ನಡೆಯುತ್ತದೆ, ಅದನ್ನೂ ಒಪ್ಪುತ್ತೇನೆ. ಆದರೆ ಚಿನ್ನ ಮುಳುಗುತ್ತದೆ, ಕೆನೆ ತೇಲುತ್ತದೆ ಎಂಬುದನ್ನು ಚಿನ್ನದ ಗಣಿಯ ಅಧಿಕಾರಿಗಳಿಗೆ ಕಲ್ಲು ಆರಿಸುವವಳು ಹೇಳಿಕೊಡಬೇಕೇ? ಸೀಸೆ ಅಲ್ಲಾಡಿಸಿದ್ದರೆ ಎರಡು ಬಣ್ಣವೂ ಒಂದಾಗುತ್ತಿತ್ತು. ಅಷ್ಟಕ್ಕೆ ಎರಡು ದಿನದ ವಿಚಾರಣೆ! ಆ ಎರಡು ದಿನ ಅತ್ತೆ ಕೊಟ್ಟ ರಾಗಿಗಂಜಿ ಮಗುವಿಗೆ ಒಗ್ಗದೆ ಭೇದಿ ಹತ್ತಿತು. ಅವಳ ಕಣ್ಣು ಒಳಗೆ ಹೋಗಿದೆ. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ, ಬಿಡದಿದ್ದರೆ ಮಗು ಉಳಿಯುವಂತಿಲ್ಲ. ಯಾವ ಕಡೆ ತಿರುಗಲಿ ಹೇಳಿ. ನನಗೆ ಭಯವಾಗುತ್ತಿದೆ.

ಪಂಪು ಕಸಿದುಕೊಂಡಂದಿನಿಂದ ತಮಗೆ ಬರೆದ ಮೂರು ಅರ್ಜಿಗಳಿಗೆ ಉತ್ತರವಿಲ್ಲದ್ದರಿಂದ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ನಾನು ಕೇಳುವುದು ದೊಡ್ಡದಲ್ಲ. ಒಳಗಿನಿಂದ ಅಗಳಿ ಹಾಕಿಕೊಳ್ಳಬಹುದಾದ ಒಂದು ಕೋಣೆ, ದಿನಕ್ಕೆರಡು ಸಲ ಕಾಲು ಗಂಟೆ ಬಿಡುವು, ನನ್ನ ಪಂಪು ವಾಪಸು, ತಪಾಸಣೆಗೆ ಒಬ್ಬ ಹೆಂಗಸು. ಹಾಲು ಹಾಳಾಗುವ ಮುಂಚೆ ನಮ್ಮತ್ತೆಯ ಕೈಗೆ ಸಿಗಬೇಕು. ಇದು ಈ ವಾರವೇ ಆಗಬೇಕು. ಸರಿಯಾಗಿ ಹಿಂಡದ ಎದೆ ಬತ್ತುತ್ತದೆ ಎಂದು ಕದಿರಮ್ಮ ಮೊದಲೇ ಎಚ್ಚರಿಸಿದ್ದರು. ನಿನ್ನೆ ಹಿಂಡಿದಾಗ ಸೀಸೆಯ ತಳ ಒದ್ದೆಯಾಯಿತು, ಅಷ್ಟೇ. ಸಂಜೆ ಮನೆಗೆ ಹೋಗಿ ಮಗಳನ್ನು ಎತ್ತಿಕೊಂಡೆ. ಬಾಯಿಟ್ಟಳು, ಎಳೆದಳು, ಬಿಟ್ಟು ನನ್ನ ಮುಖ ನೋಡಿದಳು. ತಾವು ಈ ಪತ್ರವನ್ನು ಪರಿಶೀಲನೆಗೆಂದು ಇನ್ನೊಂದು ತಿಂಗಳು ಇಟ್ಟುಕೊಂಡರೆ ಸಾಕು, ಗೇಟಿನಲ್ಲಿ ಹಿಡಿಯಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಇಂತಿ,
ದಿನಕ್ಕೆ ಒಂಬತ್ತು ಗಂಟೆ ತಮ್ಮ ಗೇಟಿನೊಳಗೆ, ಮಗುವಿನಿಂದ ಅರ್ಧ ಮೈಲಿ ದೂರದಲ್ಲಿರುವ
ಮುನಿರತ್ನಮ್ಮ
ಕಲ್ಲು ಆರಿಸುವ ಶೆಡ್ಡು
ಮಾರ್ಚ್ ೧೯೩೬